ಮಳೆಗಾಲದ ಏರಿನಲ್ಲಿ ಮಿಸ್ ಹೊಡೆಯುವ ಎಂಜಿನ್: ದುರ್ಬಲ ಕಿಡಿಯನ್ನು ಹುಡುಕುವ ಕ್ರಮ

ಜೂನ್ ಮಳೆ ಹಿಡಿದು ಒಂದೆರಡು ವಾರವಾಗುತ್ತಲೇ ಕೊಡಗಿನಲ್ಲಿ ಪೆಟ್ರೋಲ್ ಕಾರು ಇಟ್ಟುಕೊಂಡವರಿಂದ ಕೇಳಿಬರುವ ದೂರು ಹೆಚ್ಚುಕಡಿಮೆ ಒಂದೇ. "ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ನಡುಗುತ್ತೆ. ಕುಶಾಲನಗರದ ಕಡೆ ಹೋಗುವಾಗ ಏನೂ ಗೊತ್ತಾಗಲ್ಲ. ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ ಮಾತ್ರ ಜರ್ಕ್ ಹೊಡೆಯುತ್ತೆ, ಪಿಕಪ್ ಇಲ್ಲ."

ಗ್ಯಾರೇಜಿನ ಮಾತಿನಲ್ಲಿ ಇದು 'ಮಿಸ್ಸಿಂಗ್'. ಇದಕ್ಕೆ ಮೊದಲು ಪ್ಲಗ್ ಬದಲಾಯಿಸುತ್ತಾರೆ. ಸರಿಹೋಗದಿದ್ದರೆ ಕಾಯಿಲ್, ಆಮೇಲೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ನ ಕ್ಲೀನಿಂಗ್. ಮೂರು ಸಲ ಹಣ ಖರ್ಚಾದರೂ ನಾಲ್ಕನೇ ದಿನ ಅದೇ ತಿರುವಿನಲ್ಲಿ ಅದೇ ಜರ್ಕ್. ಮಿಸ್ಸಿಂಗ್ ಜ್ವರದ ಹಾಗೆ ಒಂದು ಲಕ್ಷಣ; ಕಾರಣ ಹತ್ತಾರು ಇರಬಹುದು. ಮೊದಲು ಯಾವ ಸಿಲಿಂಡರ್ ಎಂದು ಗೊತ್ತುಮಾಡಿಕೊಂಡು, ಆಮೇಲೆ ಅಲ್ಲಿ ಏನು ಕೊರತೆ ಎಂದು ಹುಡುಕಿದರೆ ಅನಗತ್ಯ ಬಿಡಿಭಾಗಕ್ಕೆ ದುಡ್ಡು ಸುರಿಯಬೇಕಾಗುವುದಿಲ್ಲ.

ಡೀಸೆಲ್ ಎಂಜಿನ್‌ನಲ್ಲಿ ಕಿಡಿಯೇ ಇರುವುದಿಲ್ಲ. ತೋಟದ ಡೀಸೆಲ್ ಜೀಪು, ಪಿಕಪ್‌ಗಳಿಗೆ ಇಲ್ಲಿನ ಮಾತು ಅನ್ವಯಿಸದು.

## ಮಿಸ್ ಎಂದರೆ ಏನಾಗಿರುತ್ತದೆ

ಕಾರಿನ ಎಂಜಿನ್‌ನಲ್ಲಿ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಸಿಲಿಂಡರ್‌ಗಳಿರುತ್ತವೆ. ಪ್ರತಿಯೊಂದರಲ್ಲೂ ಪಿಸ್ಟನ್ ಮೊದಲು ಗಾಳಿ ಮತ್ತು ಪೆಟ್ರೋಲ್ ಎಳೆದುಕೊಳ್ಳುತ್ತದೆ, ಎರಡನೇ ಸಲ ಅದನ್ನು ಒತ್ತಿ ಹಿಡಿಯುತ್ತದೆ. ಆಗ ಸ್ಪಾರ್ಕ್ ಪ್ಲಗ್‌ನ ಕಿಡಿ ತಗುಲಿ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಕೊನೆಗೆ ಹೊಗೆ ಹೊರಬೀಳುತ್ತದೆ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಒಂದೊಂದು ಸಿಲಿಂಡರ್ ಸೆಕೆಂಡಿಗೆ 25 ಸಲ ಹೊತ್ತಿಕೊಳ್ಳಬೇಕು. ಇವುಗಳಲ್ಲಿ ಕೆಲವು ಸಲ ಹೊತ್ತದೆ ಹೋದರೆ, ಅಥವಾ ಅರೆಬರೆ ಹೊತ್ತಿದರೆ, ಅದೇ ಮಿಸ್. ಮೂರು ಸಿಲಿಂಡರ್‌ನ ಕಾರಿನಲ್ಲಿ ಒಂದು ಪೂರ್ತಿ ಸತ್ತರೆ ಮೂರನೇ ಒಂದು ಪಾಲು ಬಲ ಹೋದಂತೆ. ಸ್ಟೇರಿಂಗ್ ಹಿಡಿದ ಕೈಗೇ ಅದು ತಿಳಿಯುತ್ತದೆ.

ಆಷಾಢದ ಮಳೆಯಲ್ಲಿ ಬಚ್ಚಲೊಲೆ ಹೊತ್ತಿಸುವವರಿಗೆ ಇದರ ಲೆಕ್ಕ ಗೊತ್ತಿದೆ. ಸೌದೆ ಒಣಗಿರಬೇಕು, ಗಾಳಿ ಆಡಬೇಕು, ಬೆಂಕಿಕಡ್ಡಿ ಸರಿಯಾಗಿ ಹೊತ್ತಬೇಕು. ಎಂಜಿನ್‌ಗೂ ಮೂರೇ ಬೇಕು: ಸರಿಯಾದ ಹದದ ಗಾಳಿ-ಪೆಟ್ರೋಲ್, ಅದನ್ನು ಸೋರದಂತೆ ಒತ್ತಿ ಹಿಡಿಯುವ ಕಂಪ್ರೆಷನ್, ಸಮಯಕ್ಕೆ ಬೀಳುವ ಬಲವಾದ ಕಿಡಿ. ಮಳೆಗಾಲದಲ್ಲಿ ಮೊದಲು ಕೈಕೊಡುವುದು ಹೆಚ್ಚಾಗಿ ಕಿಡಿ.

## 12 ವೋಲ್ಟ್‌ನಿಂದ 20 ಸಾವಿರ ವೋಲ್ಟ್

ಬ್ಯಾಟರಿ ಕೊಡುವುದು 12 ವೋಲ್ಟ್. ಒತ್ತಿ ಹಿಡಿದ ಮಿಶ್ರಣದ ನಡುವೆ, ಪ್ಲಗ್‌ನ ತುದಿಯಲ್ಲಿ ಸುಮಾರು ಒಂದು ಮಿಲಿಮೀಟರ್ ಸಂದು ದಾಟಿ ಕಿಡಿ ಹಾರಲು ಬೇಕಾಗುವುದು 10 ಸಾವಿರದಿಂದ 25 ಸಾವಿರ ವೋಲ್ಟ್, ಕೆಲವೊಮ್ಮೆ ಇನ್ನೂ ಹೆಚ್ಚು. ಈ ಏರಿಕೆಯನ್ನು ಮಾಡುವುದು ಇಗ್ನಿಷನ್ ಕಾಯಿಲ್.

ಕಾಯಿಲ್ ಒಳಗೆ ಕಬ್ಬಿಣದ ತಿರುಳಿನ ಸುತ್ತ ಎರಡು ತಂತಿ ಸುರುಳಿಗಳಿವೆ. ದಪ್ಪ ತಂತಿಯದು ಪ್ರೈಮರಿ, ಕೆಲವು ನೂರು ಸುತ್ತು. ಕೂದಲಿನಷ್ಟು ತೆಳು ತಂತಿಯದು ಸೆಕೆಂಡರಿ, ಸಾವಿರಾರು ಸುತ್ತು. ಪ್ರೈಮರಿಯಲ್ಲಿ ಕೆಲವು ಮಿಲಿಸೆಕೆಂಡ್ ಕರೆಂಟ್ ಹರಿಸಿ ತಟ್ಟನೆ ಕಡಿದಾಗ ಸೆಕೆಂಡರಿಯಲ್ಲಿ ಭಾರಿ ವೋಲ್ಟೇಜ್ ಚಿಮ್ಮುತ್ತದೆ. ಫೆಬ್ರವರಿ-ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸಲು ಸ್ಪ್ರಿಂಕ್ಲರ್ ಓಡಿಸುವಾಗ ಗೇಟ್ ವಾಲ್ವನ್ನು ಒಮ್ಮೆಲೇ ಮುಚ್ಚಿದರೆ ಪೈಪು 'ಧಡ್' ಎನ್ನುತ್ತದಲ್ಲ, ಅದೇ ಬಗೆಯ ಒತ್ತಡ ಇದು. ಹರಿವು ಎಷ್ಟು ಜೋರಾಗಿತ್ತೋ ಪೆಟ್ಟು ಅಷ್ಟು ಜೋರು. ಕಾಯಿಲ್‌ನಲ್ಲಿ ಕೂಡುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ, ತುಕ್ಕು ಹಿಡಿದ ಕನೆಕ್ಟರ್‌ನಿಂದಲೋ ಸೋತ ಬ್ಯಾಟರಿಯಿಂದಲೋ ಕರೆಂಟ್ ಕಾಲುಭಾಗ ಇಳಿದರೆ ಕಿಡಿಯ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಸ್ಪ್ರಿಂಕ್ಲರ್ ಪೈಪಿನಿಂದ ತಿಳಿಯುವ ಇನ್ನೊಂದು ಸಂಗತಿಯೂ ಇದೆ. ಜೆಟ್ ಕಟ್ಟಿಕೊಂಡರೆ ಪೈಪಿನೊಳಗೆ ಒತ್ತಡ ಏರಿ, ಎಲ್ಲಿ ವಾಷರ್ ಸವೆದಿದೆಯೋ ಆ ಜಾಯಿಂಟ್‌ನಲ್ಲಿ ನೀರು ಚಿಮ್ಮುತ್ತದೆ. ವಿದ್ಯುತ್ತೂ ಸುಲಭದ ದಾರಿಯನ್ನೇ ಹಿಡಿಯುತ್ತದೆ. ಪ್ಲಗ್‌ನ ಸಂದು ಸವೆದು ಅಗಲವಾದಷ್ಟೂ ಹೆಚ್ಚು ವೋಲ್ಟೇಜ್ ಬೇಕು. ಆ ಒತ್ತಡಕ್ಕೆ ಪ್ಲಗ್‌ನ ತಲೆಗೆ ಕೂರುವ ಹಳೆಯ ರಬ್ಬರ್ ಟೋಪಿ (ಬೂಟ್), ಬಿರುಕುಬಿಟ್ಟ ಕಾಯಿಲ್, ಒದ್ದೆ ಪ್ಲಗ್ ವೈರ್‌ನಿಂದ ಕಿಡಿ ಹೊರಗೇ ಸೋರಿಹೋಗುತ್ತದೆ. 'ಹೊಸ ಕಾಯಿಲ್ ಹಾಕಿಸಿದೆ, ಆರೇ ತಿಂಗಳಿಗೆ ಹೋಯಿತು' ಎನ್ನುವ ಕಡೆ ಸವೆದ ಪ್ಲಗ್ಗನ್ನು ಹಾಗೆಯೇ ಬಿಟ್ಟಿದ್ದಾರೆಯೇ ಎಂದು ನೋಡಬೇಕು.

## ಏರಿನಲ್ಲೇ ಏಕೆ ಕಾಣಿಸುತ್ತದೆ

ಒತ್ತಡ ಹೆಚ್ಚಿದ ಅನಿಲದ ನಡುವೆ ಕಿಡಿ ಹಾರುವುದು ಕಷ್ಟ. ಗಾಡಿ ನಿಂತು ಎಂಜಿನ್ ಮಾತ್ರ ಓಡುವ ಐಡ್ಲಿಂಗ್‌ನಲ್ಲಿ ಸಿಲಿಂಡರ್‌ಗೆ ಸೇರುವ ಗಾಳಿ ಕಡಿಮೆ, ಹಾಗಾಗಿ ದುರ್ಬಲ ಕಿಡಿಯೂ ಹೇಗೋ ದಾಟಿಬಿಡುತ್ತದೆ. ಏರಿನಲ್ಲಿ ದೊಡ್ಡ ಗಿಯರ್ ಹಾಕಿ, ಕಡಿಮೆ ಸುತ್ತಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದಾಗ ಸಿಲಿಂಡರ್ ತುಂಬ ಗಾಳಿ ನುಗ್ಗಿ ಒಳಗಿನ ಒತ್ತಡ ಏರುತ್ತದೆ. ಕಿಡಿಗೆ ಬೇಕಾದ ವೋಲ್ಟೇಜ್ ಅತಿ ಹೆಚ್ಚಾಗುವ ಹೊತ್ತು ಅದೇ. ಸಂಪಾಜೆ ಘಾಟಿ, ವಿರಾಜಪೇಟೆಯಿಂದಾಚೆಯ ಮಾಕುಟ್ಟ ರಸ್ತೆ, ಭಾಗಮಂಡಲದಿಂದ ತಲಕಾವೇರಿಗೆ ಹತ್ತುವ ದಾರಿ ಇವೆಲ್ಲ ಕಾಯಿಲ್‌ಗೆ ಪರೀಕ್ಷೆಯ ಮೈದಾನ. ಅದಕ್ಕೇ ಗ್ಯಾರೇಜಿನ ಅಂಗಳದಲ್ಲಿ ನಿಲ್ಲಿಸಿ ರೇಸ್ ಮಾಡಿ 'ಸರಿಯಾಗಿದೆ' ಎನ್ನುವುದು ಸಾಲದು. ರಿಪೇರಿಯಾದ ಮೇಲೆ ಏರು ಹತ್ತಿಸಿ ನೋಡಲೇಬೇಕು.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಅಲ್ಲಿ ಮಂಗಳೂರಿಗಿಂತ ಸುಮಾರು ಎಂಟನೇ ಒಂದು ಪಾಲು ಕಡಿಮೆ. ಟರ್ಬೊ ಇಲ್ಲದ ಎಂಜಿನ್‌ನ ಬಲವೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಇದು ದೋಷವಲ್ಲ. ಕಾರು ಮೆಲ್ಲಗೆ, ಆದರೆ ನುಣ್ಣಗೆ ಎಳೆಯುತ್ತಿದ್ದರೆ ಅದು ಎತ್ತರದ ಪರಿಣಾಮ ಇರಬಹುದು. ಕೊಸರಿ ಕೊಸರಿ ಎಳೆಯುತ್ತಿದ್ದರೆ ಮಿಸ್.

## ಮಳೆ ಮಾಡುವ ಕೆಲಸ

ಗಾಳಿಯ ತೇವವೊಂದರಿಂದಲೇ ಕಿಡಿ ಸೋರುವುದಿಲ್ಲ. ಪ್ಲಗ್ ವೈರ್, ಕಾಯಿಲ್, ಹಳೆಯ ಕಾರುಗಳಲ್ಲಿ ಕಿಡಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ಮೇಲೆ ಕೂತ ಧೂಳು, ಕೆಸರು, ಎಣ್ಣೆ ಜಿಡ್ಡಿನ ಮೇಲೆ ನೀರಿನ ತೆಳು ಪದರ ಕಟ್ಟಿದಾಗ ಅದು ಕರೆಂಟಿಗೆ ದಾರಿಯಾಗುತ್ತದೆ. ರಾತ್ರಿಯಿಡೀ ತೆರೆದ ಶೆಡ್‌ನಲ್ಲಿ ಮಂಜು ತಿಂದ ಕಾರು ಬೆಳಿಗ್ಗೆ ನಡುಗಿ, ಹತ್ತು ಹದಿನೈದು ನಿಮಿಷ ಓಡಿ ಎಂಜಿನ್ ಬಿಸಿಯಾದ ಮೇಲೆ ಸರಿಹೋದರೆ, ತೇವದ ಸೋರಿಕೆಯನ್ನೇ ಮೊದಲು ಅನುಮಾನಿಸಿ.

ಇನ್ನೊಂದು, ನಾವೇ ಮಾಡಿಕೊಳ್ಳುವ ತೊಂದರೆ. ತೋಟದ ರಸ್ತೆಯ ಕೆಸರು ತೊಳೆಯಲು ಬಾನೆಟ್ ಎತ್ತಿ ಪ್ರೆಷರ್ ಪೈಪ್ ಹಿಡಿಯುವುದು. ಈಗಿನ ಕಾರುಗಳಲ್ಲಿ ಪ್ಲಗ್‌ಗಳು ಎಂಜಿನ್‌ನ ಮೇಲ್ಭಾಗವಾದ ಹೆಡ್‌ನ ಆಳದ ಗುಳಿಗಳಲ್ಲಿರುತ್ತವೆ, ಮೇಲೆ ಕಾಯಿಲ್ ಕೂತಿರುತ್ತದೆ. ಗುಳಿಗೆ ನೀರು ಇಳಿದರೆ ಬೇಗ ಆರುವುದಿಲ್ಲ. ಕಿಡಿ ಪ್ಲಗ್‌ನ ಬಿಳಿ ಪಿಂಗಾಣಿಯ ಹೊರಮೈ ಮೇಲೆಯೇ ಜಾರಿ ಹೋಗಿ ಪೆನ್ಸಿಲಿನಲ್ಲಿ ಎಳೆದಂತೆ ಕಪ್ಪು ಗೆರೆ ಬಿಡುತ್ತದೆ. ಆ ಗೆರೆ ಕಾರ್ಬನ್. ಒಮ್ಮೆ ಬಿದ್ದರೆ ನೀರು ಆರಿದರೂ ಅದೇ ಖಾಯಂ ದಾರಿ. ಆಗ ಪ್ಲಗ್ ಮತ್ತು ಬೂಟ್ ಎರಡನ್ನೂ ಬದಲಿಸಬೇಕು. ಪ್ಲಗ್ ಒಂದನ್ನೇ ಬದಲಿಸಿದರೆ ಬೂಟಿನ ಒಳಗಿನ ಗೆರೆ ಹೊಸ ಪ್ಲಗ್ಗನ್ನೂ ಕೆಡಿಸುತ್ತದೆ. ಗುಳಿಯಲ್ಲಿ ಎಣ್ಣೆ ನಿಂತಿದ್ದರೆ ವಾಲ್ವ್ ಕವರ್ ಸೀಲ್ ಹೋಗಿದೆ ಎಂದರ್ಥ; ಅದನ್ನು ಸರಿಪಡಿಸದೆ ಪ್ಲಗ್ ಹಾಕಿ ಪ್ರಯೋಜನವಿಲ್ಲ.

ಮಳೆಗೆ ಬೆಚ್ಚಗಿನ ಜಾಗ ಹುಡುಕಿ ಬರುವ ಇಲಿಗಳನ್ನೂ ಮರೆಯಬೇಡಿ. ಬಾನೆಟ್ ಅಡಿಯ ವೈರಿನ ಸಿಪ್ಪೆ ಕಡಿದಿದೆಯೇ ಎಂದು ಟಾರ್ಚ್ ಹಾಕಿ ನೋಡಲು ಐದು ನಿಮಿಷ ಸಾಕು.

## ಮೊದಲು ಸಿಲಿಂಡರ್ ಗೊತ್ತಾಗಲಿ

2013ರ ಏಪ್ರಿಲ್ ನಂತರದ ಬಿಎಸ್4 (ಹೊಗೆ ಮಾಲಿನ್ಯ ಮಿತಿಯ ದರ್ಜೆ) ಕಾರುಗಳಲ್ಲಿ, 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಕಾರುಗಳಲ್ಲಿ ಎಂಜಿನ್ ಕಂಪ್ಯೂಟರ್ ಮಿಸ್ಸನ್ನು ತಾನೇ ಎಣಿಸುತ್ತದೆ. ಪ್ರತಿ ಸಿಲಿಂಡರ್ ಹೊತ್ತಿದಾಗ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಸಣ್ಣಗೆ ವೇಗ ಪಡೆಯಬೇಕು; ಪಡೆಯದಿದ್ದರೆ ಆ ಸಿಲಿಂಡರ್ ಮಿಸ್ ಎಂದು ಬರೆದುಕೊಳ್ಳುತ್ತದೆ. ಸ್ಟೇರಿಂಗ್ ಕೆಳಗೆ ಆ ಕಂಪ್ಯೂಟರನ್ನು ಓದಲು ಇರುವ ಒಬಿಡಿ ಸಾಕೆಟ್‌ಗೆ ಸ್ಕ್ಯಾನರ್ ಹಾಕಿದರೆ ದೋಷದ ಕೋಡ್ ಸಿಗುತ್ತದೆ. ಪಿ0301 ಎಂದರೆ ಒಂದನೇ ಸಿಲಿಂಡರ್, ಪಿ0302 ಎರಡನೆಯದು, ಹೀಗೆ ಮುಂದಕ್ಕೆ. ಪಿ0300 ಬಂದರೆ ಮಿಸ್ ಒಂದೇ ಕಡೆ ನಿಲ್ಲದೆ ಅಲ್ಲಿ ಇಲ್ಲಿ ಹರಡಿದೆ. ಒಂದೇ ಸಿಲಿಂಡರ್‌ನ ಕೋಡ್ ಇದ್ದರೆ ಆ ಸಿಲಿಂಡರ್‌ನ ಪ್ಲಗ್, ಕಾಯಿಲ್, ಇಂಜೆಕ್ಟರ್, ಕಂಪ್ರೆಷನ್ ನೋಡಿ. ಎಲ್ಲದರಲ್ಲೂ ಇದ್ದರೆ ಎಲ್ಲಕ್ಕೂ ಸೇರಿದ್ದನ್ನು ನೋಡಿ: ಬ್ಯಾಟರಿ, ಅರ್ತ್ (ಬ್ಯಾಟರಿಯ ನೆಗೆಟಿವ್‌ಗೂ ಎಂಜಿನ್ ಲೋಹಕ್ಕೂ ಇರುವ ಸಂಪರ್ಕ), ಪೆಟ್ರೋಲ್, ಗಾಳಿ ಸೋರಿಕೆ. ಒಂದು ಕಾಯಿಲ್ ಎರಡು ಸಿಲಿಂಡರ್‌ಗೆ ಕಿಡಿ ಕೊಡುವ ನಾಲ್ಕು ಸಿಲಿಂಡರ್ ಎಂಜಿನ್‌ಗಳಿವೆ. ಅಲ್ಲಿ 1 ಮತ್ತು 4 ಅಥವಾ 2 ಮತ್ತು 3 ಜೋಡಿಯಾಗಿ ಕೆಟ್ಟರೆ ಬೆರಳು ಕಾಯಿಲ್ ಕಡೆಗೇ.

ಸ್ಕ್ಯಾನರ್ ಇಲ್ಲದಿದ್ದರೆ ಹಳೆಯ ಉಪಾಯವಿದೆ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಒಂದೊಂದೇ ಇಂಜೆಕ್ಟರ್‌ನ ಕನೆಕ್ಟರ್ ಐದಾರು ಸೆಕೆಂಡ್ ತೆಗೆದು ಮತ್ತೆ ಹಾಕಿ. ಒಳ್ಳೆಯ ಸಿಲಿಂಡರ್‌ದು ತೆಗೆದಾಗ ಸದ್ದು ತಕ್ಷಣ ಕುಗ್ಗುತ್ತದೆ. ಯಾವುದನ್ನು ತೆಗೆದರೂ ಬದಲಾವಣೆ ಕಾಣದೋ ಅದೇ ಸತ್ತ ಸಿಲಿಂಡರ್. ಕಾಯಿಲ್ ಬದಲು ಇಂಜೆಕ್ಟರ್ ತೆಗೆಯಿರಿ ಎನ್ನುವುದಕ್ಕೆ ಕಾರಣವಿದೆ: ಕಾಯಿಲ್ ತೆಗೆದರೆ ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆ ಹರಿದು, ಅಲ್ಲಿ ಹೊತ್ತಿ ಹಾನಿ ಮಾಡಬಹುದು. ಪರೀಕ್ಷೆ ಮುಗಿದ ಮೇಲೆ ಹೊಸದಾಗಿ ಬಿದ್ದ ಕೋಡ್‌ಗಳನ್ನು ಅಳಿಸಬೇಕಾಗುತ್ತದೆ.

## ಅದಲು ಬದಲು: ಖರ್ಚಿಲ್ಲದ ಪರೀಕ್ಷೆ

ಎರಡನೇ ಸಿಲಿಂಡರ್‌ನಲ್ಲಿ ಮಿಸ್ ಎಂದಿಟ್ಟುಕೊಳ್ಳಿ. ಇಗ್ನಿಷನ್ ಆಫ್ ಮಾಡಿ, ಎರಡನೇ ಕಾಯಿಲನ್ನು ಮೂರಕ್ಕೂ ಮೂರರದ್ದನ್ನು ಎರಡಕ್ಕೂ ಹಾಕಿ. ಕೋಡ್ ಅಳಿಸಿ, ಜರ್ಕ್ ಹೊಡೆಯುತ್ತಿದ್ದ ಅದೇ ಏರಿನಲ್ಲಿ ಮತ್ತೆ ಓಡಿಸಿ. ಕೋಡ್ ಪಿ0303ಕ್ಕೆ ಜಿಗಿದರೆ ಕಾಯಿಲ್ ಕೆಟ್ಟಿದೆ. ಪಿ0302 ಹಾಗೇ ಉಳಿದರೆ ಕಾಯಿಲ್ ತಪ್ಪಿತಸ್ಥ ಅಲ್ಲ. ಈಗ ಪ್ಲಗ್ ಅದಲು ಬದಲು ಮಾಡಿ. ಆಗಲೂ ಜಾಗ ಬಿಡದಿದ್ದರೆ ಕಾಯಿಲ್‌ಗೆ ಬರುವ ವೈರ್, ಆಮೇಲೆ ಇಂಜೆಕ್ಟರ್, ಕಡೆಗೆ ಕಂಪ್ರೆಷನ್. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂಬುದೇ ಗೊತ್ತಾಗುವುದಿಲ್ಲ.

ಪ್ಲಗ್ ವೈರ್ ಇರುವ ಹಳೆಯ ಕಾರುಗಳಿಗೆ ಕತ್ತಲೆಯಲ್ಲಿ ನೀರು ಚಿಮುಕಿಸುವ ಪರೀಕ್ಷೆ ಚೆನ್ನಾಗಿ ಒಗ್ಗುತ್ತದೆ. ಎಂಜಿನ್ ಓಡುತ್ತಿರುವಾಗ, ಗಿಡಕ್ಕೆ ಹೊಡೆಯುವ ಸ್ಪ್ರೇ ಬಾಟಲಿಯಿಂದ ವೈರ್, ಕಾಯಿಲ್, ಕ್ಯಾಪ್ ಮೇಲೆ ಸಣ್ಣ ಹನಿಯಾಗಿ ಸಿಂಪಡಿಸಿ. ಸೋರಿಕೆ ಇರುವಲ್ಲಿ ನೀಲಿ ಮಿಂಚು ಕಾಣಿಸುತ್ತದೆ, ಚಟಪಟ ಸದ್ದು ಕೇಳಿಸುತ್ತದೆ, ಎಂಜಿನ್ ತಡವರಿಸುತ್ತದೆ. ಕೈಯಿಂದ ಏನನ್ನೂ ಮುಟ್ಟಬೇಡಿ, ಒದ್ದೆ ನೆಲದ ಮೇಲೆ ನಿಲ್ಲಬೇಡಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಓಡುವ ಎಂಜಿನ್‌ನ ಇಗ್ನಿಷನ್ ಹತ್ತಿರ ಹೋಗಲೇಬಾರದು.

## ಹೊರಗೆ ಕಂಡ ಕಿಡಿಯನ್ನು ನಂಬಬಹುದೇ

ಪ್ಲಗ್ ಬಿಚ್ಚಿ, ಹೆಡ್‌ಗೆ ತಾಗಿಸಿ, ಸ್ಟಾರ್ಟರ್ ತಿರುಗಿಸಿ 'ನೋಡಿ, ಕಿಡಿ ಬರ್ತಾ ಇದೆ' ಎಂದು ತೋರಿಸುವುದು ಎಲ್ಲ ಕಡೆ ರೂಢಿ. ತೆರೆದ ಗಾಳಿಯಲ್ಲಿ 0.8 ಮಿ.ಮೀ. ಸಂದು ದಾಟಲು ಮೂರ್ನಾಲ್ಕು ಸಾವಿರ ವೋಲ್ಟ್ ಸಾಕು. ಸಿಲಿಂಡರ್ ಒಳಗೆ ಅದರ ಹಲವು ಪಟ್ಟು ಬೇಕು. ಆದ್ದರಿಂದ ಈ ಕಿಡಿ ಕಾಯಿಲ್ ಪೂರ್ತಿ ಸತ್ತಿಲ್ಲ ಎಂದಷ್ಟೇ ಹೇಳುತ್ತದೆ. ಏರು ಹತ್ತುವಾಗ ಸಾಲುತ್ತದೆ ಎಂದು ಹೇಳುವುದಿಲ್ಲ.

ಸಂದು ಹೊಂದಿಸಬಹುದಾದ ಸ್ಪಾರ್ಕ್ ಟೆಸ್ಟರ್ ಬಳಸುವುದು ಸರಿಯಾದ ದಾರಿ. ಅದನ್ನು 6 ಮಿ.ಮೀ. ಸುಮಾರಿಗೆ ಇಟ್ಟು, ಗಟ್ಟಿಯಾಗಿ ಅರ್ತ್ ಮಾಡಿ, ಪೆಟ್ರೋಲ್ ಪಂಪ್‌ನ ಫ್ಯೂಸ್ ತೆಗೆದು ಸ್ಟಾರ್ಟರ್ ತಿರುಗಿಸಿ. ನೀಲಿ ಬಿಳುಪಿನ, ಟಕ್ ಟಕ್ ಎಂದು ಕೇಳುವ ಕಿಡಿ ಒಂದೇ ಸಮ ಬಿದ್ದರೆ ಒಳ್ಳೆಯದು. ಹಳದಿ ಅಥವಾ ಕೆಂಪು ಛಾಯೆಯ, ದಾರದೆಳೆಯಂಥ, ಆಗಾಗ ತಪ್ಪುವ ಕಿಡಿ ದುರ್ಬಲ. ಪ್ಲಗ್ ರಂಧ್ರ ತೆರೆದಿರುವಾಗ ಹತ್ತಿರದಲ್ಲಿ ಕಿಡಿ ಹಾರಿಸಬೇಡಿ; ಪೆಟ್ರೋಲ್ ಆವಿ ಹೊತ್ತಿಕೊಳ್ಳಬಹುದು. ಕಾಯಿಲ್‌ನ ಕಿಡಿಗೆ ಅರ್ತ್ ದಾರಿ ಇಲ್ಲದಂತೆ ಸುಮ್ಮನೆ ಜೋತುಬಿಟ್ಟು ತಿರುಗಿಸಿದರೆ ಒಳಗಿನ ಇನ್ಸುಲೇಷನ್ ಹರಿದು ಕಾಯಿಲ್ಲೇ ಹೋಗಬಹುದು.

ಎಲ್ಲ ಸಿಲಿಂಡರ್‌ನಲ್ಲೂ ಕಿಡಿ ದುರ್ಬಲವಾಗಿದ್ದರೆ ಮಲ್ಟಿಮೀಟರ್ ಹಿಡಿದು ಬ್ಯಾಟರಿಯಿಂದ ಶುರುಮಾಡಿ. ರಾತ್ರಿ ನಿಂತ ಕಾರಿನಲ್ಲಿ 12.6 ವೋಲ್ಟ್ ಸುಮಾರು ಇರಬೇಕು. ಸ್ಟಾರ್ಟರ್ ತಿರುಗುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಓಡುವಾಗ ಬಹುತೇಕ ಕಾರುಗಳಲ್ಲಿ 13.8ರಿಂದ 14.5. ನಂತರ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಲೋಹಕ್ಕೆ ಹಿಡಿದು, ಎಂಜಿನ್ ಓಡುವಾಗ ನೋಡಿ. 0.2 ವೋಲ್ಟ್ ಮೀರಿದರೆ ಅರ್ತ್ ಪಟ್ಟಿ ತುಕ್ಕು ಹಿಡಿದಿದೆ. ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿ. ಮೂರು ತಿಂಗಳು ಬಿಡದೆ ಸುರಿಯುವ ಊರಿನಲ್ಲಿ ಈ ಪಟ್ಟಿಗೆ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲ.

ಪ್ಲಗ್ ವೈರ್‌ಗಳ ಓಮ್ ಅಳೆದು ಒಂದಕ್ಕೊಂದು ಹೋಲಿಸಿ. ಉದ್ದಕ್ಕೆ ತಕ್ಕಂತೆ ಕೆಲವು ಸಾವಿರ ಓಮ್ ಬರುವುದು ಸಹಜ. ಒಂದು ಮಾತ್ರ ಉಳಿದವಕ್ಕಿಂತ ಬಹಳ ಹೆಚ್ಚಿದ್ದರೆ ಅದು ಒಳಗೆ ಕಡಿದಿದೆ.

## ಪ್ಲಗ್ಗಿನ ಬಣ್ಣ

ಬಿಚ್ಚಿದ ಪ್ಲಗ್‌ಗಳನ್ನು ಸಿಲಿಂಡರ್ ಕ್ರಮದಲ್ಲೇ ಸಾಲಾಗಿ ಇಡಿ. ತುದಿ ತಿಳಿ ಕಂದು ಅಥವಾ ಬೂದು ಇದ್ದರೆ ಸರಿಯಾಗಿ ಉರಿಯುತ್ತಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಕಿಡಿ ಸಾಲುತ್ತಿಲ್ಲ. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಆ ಸಿಲಿಂಡರ್ ಹೊತ್ತೇ ಇಲ್ಲ. ಜಿಡ್ಡು ಜಿಡ್ಡು ಕಪ್ಪು ಇದ್ದರೆ ಎಂಜಿನ್ ಆಯಿಲ್ ಮೇಲೆ ಬರುತ್ತಿದೆ. ಬಿಳಿಚಿಕೊಂಡು ಗುಳ್ಳೆ ಎದ್ದಿದ್ದರೆ ಅತಿಯಾಗಿ ಕಾದಿದೆ.

ಕಾರ್ಬ್ಯುರೇಟರ್ ಇರುವ ಹಳೆಯ ಮಾರುತಿ 800, ಓಮ್ನಿ, ಜಿಪ್ಸಿಗಳಲ್ಲಿ ಮಸಿ ಹಿಡಿಯಲು ಎತ್ತರವೂ ಕಾರಣ. ಗಾಳಿ ತೆಳುವಾದರೂ ಕಾರ್ಬ್ಯುರೇಟರ್ ಪೆಟ್ರೋಲನ್ನು ಅದಕ್ಕೆ ತಕ್ಕಷ್ಟು ಕಡಿಮೆ ಮಾಡುವುದಿಲ್ಲ. ಕೆಳಗಿನ ಊರಿನಲ್ಲಿ ಟ್ಯೂನ್ ಮಾಡಿಸಿದ ಗಾಡಿ ಮಡಿಕೇರಿಯಲ್ಲಿ ಮಸಿ ಕಟ್ಟುತ್ತದೆ. ಓಡಿಸುವ ಊರಿನಲ್ಲೇ ಟ್ಯೂನ್ ಮಾಡಿಸುವುದು ಒಳ್ಳೆಯದು. ಕಾಯಿಲ್‌ನ ಕರೆಂಟ್ ಕಡಿಯಲು ಪಾಯಿಂಟ್ ಇರುವ ಇನ್ನೂ ಹಳೆಯ ಗಾಡಿಗಳಲ್ಲಿ ಪಾಯಿಂಟ್ ಸಂದು ಸಾಮಾನ್ಯವಾಗಿ 0.4ರಿಂದ 0.5 ಮಿ.ಮೀ. ಪಾಯಿಂಟ್ ಪದೇ ಪದೇ ಸುಟ್ಟು ಗುಳಿ ಬೀಳುತ್ತಿದ್ದರೆ ಅದಕ್ಕೆ ಜೋಡಿಸಿದ ಕಂಡೆನ್ಸರ್ ಹೋಗಿರಬಹುದು. ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ಒಣ ಬಟ್ಟೆಯಿಂದ ಒರೆಸಿ, ಕೂದಲೆಳೆಯಂಥ ಬಿರುಕು ಇದೆಯೇ ನೋಡಿ.

ಪ್ಲಗ್‌ನ ಸಂದು ಕಾರಿನ ಕೈಪಿಡಿಯಲ್ಲಿ ಇರುತ್ತದೆ, ಹೆಚ್ಚಿನವು 0.7ರಿಂದ 1.1 ಮಿ.ಮೀ. ಒಳಗೆ. ಫೀಲರ್ ಗೇಜ್‌ನಿಂದ ಅಳೆಯಿರಿ. ಇರಿಡಿಯಂ ಪ್ಲಗ್‌ನ ಸೂಜಿ ಮೊನೆಯನ್ನು ತಟ್ಟಿ ಸರಿಮಾಡಲು ಹೋಗಬೇಡಿ, ಮುರಿಯುತ್ತದೆ. ಎಂಜಿನ್ ತಣ್ಣಗಿರುವಾಗಲೇ ಪ್ಲಗ್ ಬಿಚ್ಚಬೇಕು, ಬಿಚ್ಚುವ ಮೊದಲು ಗುಳಿಯ ಕಸವನ್ನು ಗಾಳಿ ಊದಿ ತೆಗೆಯಬೇಕು. ಹಾಕುವಾಗ ಮೊದಲ ಸುತ್ತುಗಳು ಕೈಯಲ್ಲೇ ನಡೆಯಲಿ. ಬಿಗಿ ಎನಿಸಿದರೆ ಥ್ರೆಡ್ ತಪ್ಪಿದೆ, ಹಿಂದಕ್ಕೆ ತಿರುಗಿಸಿ. ವಾಷರ್ ಇರುವ 14 ಮಿ.ಮೀ. ಹೊಸ ಪ್ಲಗ್ ಕೂತ ಮೇಲೆ ಅರ್ಧದಿಂದ ಮೂರನೇ ಎರಡು ಸುತ್ತು ಸಾಕು. ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಹೋದರೆ ಪ್ಲಗ್‌ನ ಹತ್ತಾರು ಪಟ್ಟು ಖರ್ಚು.

## ಕಿಡಿ ಸರಿಯಿದ್ದೂ ಮಿಸ್ ಹೊಡೆದರೆ

ಪೆಟ್ರೋಲಿನಲ್ಲಿ ನೀರು ಸೇರಿರಬಹುದು. ಈಗಿನ ಇ20 ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದು ನೀರನ್ನು ಹೀರಿಕೊಂಡು, ಮಿತಿ ಮೀರಿದಾಗ ನೀರಿನ ಜೊತೆ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತದೆ. ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಯಲ್ಲಿ ಅರ್ಧ ಗಂಟೆ ಇಟ್ಟರೆ ಎರಡು ಪದರ ಕಾಣಿಸುತ್ತದೆ. ಮಳೆಗಾಲವೆಲ್ಲ ಓಡಿಸದೆ ನಿಲ್ಲಿಸುವ ಕಾರಿನ ಟ್ಯಾಂಕ್ ಅರೆಖಾಲಿ ಬಿಡಬೇಡಿ.

ಕಂಪ್ರೆಷನ್ ನೋಡುವಾಗ ಒಂದು ಎಚ್ಚರ. ಕೈಪಿಡಿಯ ಅಂಕಿ ಸಮುದ್ರ ಮಟ್ಟದ ಲೆಕ್ಕದ್ದು. ಮಡಿಕೇರಿಯಲ್ಲಿ ಗೇಜ್ ಶೇ. 10ಕ್ಕಿಂತ ತುಸು ಹೆಚ್ಚೇ ಕಡಿಮೆ ತೋರಿಸುತ್ತದೆ. ಅದನ್ನೇ ನೋಡಿ ಎಂಜಿನ್ ಬಿಚ್ಚಲು ಒಪ್ಪಬೇಡಿ, ಸಿಲಿಂಡರ್‌ಗಳನ್ನು ಪರಸ್ಪರ ಹೋಲಿಸಿ. ಒಂದು ಮಾತ್ರ ಉಳಿದವಕ್ಕಿಂತ ಶೇ. 15ರಷ್ಟು ಕೆಳಗಿದ್ದರೆ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

## ದೀಪ ಮಿಣುಕಿದರೆ

ಎಂಜಿನ್ ಚಿತ್ರದ ಹಳದಿ ದೀಪ ಸುಮ್ಮನೆ ಉರಿಯುತ್ತಿದ್ದರೆ ಮೆಲ್ಲಗೆ ಗ್ಯಾರೇಜ್ ತಲುಪಬಹುದು. ಅದು ಮಿಣುಕುತ್ತಿದ್ದರೆ, ಸುಡದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಅಲ್ಲಿ ಹೊತ್ತುತ್ತಿದೆ ಎಂದು ಅರ್ಥ. ಒಳಗಿನ ಪಿಂಗಾಣಿ ಜಾಲ ಕರಗಿ ಕಟ್ಟಿಕೊಂಡರೆ ಒಂದು ಕಾಯಿಲ್‌ನ ರಿಪೇರಿ ಹೋಗಿ ಹಲವು ಸಾವಿರ ರೂಪಾಯಿಯ ಕೆಲಸವಾಗುತ್ತದೆ. ಆಕ್ಸಿಲರೇಟರ್ ಬಿಟ್ಟು, ಘಾಟಿಯಲ್ಲಾದರೆ ತಿರುವಿನಿಂದ ದೂರ, ಅಗಲ ಇರುವ ಕಡೆ ನಿಲ್ಲಿಸಿ. ಒಣ ಎಲೆ, ತರಗಿನ ಮೇಲೆ ನಿಲ್ಲಿಸಬೇಡಿ. ಕನ್ವರ್ಟರ್ ಕೆಂಪಗೆ ಕಾದಿರಬಹುದು. ಮತ್ತೆ ಹತ್ತಿಸಲು ನೋಡದೆ ಗಾಡಿಯನ್ನು ಎಳೆಸಿಕೊಂಡು ಹೋಗಿ, ಮೆಕ್ಯಾನಿಕ್‌ಗೆ 'ಮಿಸ್ಸಿಂಗ್' ಎಂದಷ್ಟೇ ಹೇಳದೆ ಇಷ್ಟನ್ನು ಹೇಳಿ: ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಏರಿನಲ್ಲೋ ಐಡ್ಲಿಂಗ್‌ನಲ್ಲೋ, ಮಳೆ ಇದ್ದಾಗ ಮಾತ್ರವೋ ಯಾವಾಗಲೂವೋ, ಕಡೆಯ ಸಲ ಪ್ಲಗ್ ಬದಲಿಸಿ ಎಷ್ಟು ಕಿಲೋಮೀಟರ್ ಆಯಿತು.